ಶರಣಪ್ಪ ಕಾಕಾ ನಿಲ್ಲುತ್ತಿದ್ದ ಜಾಗ

ಇಲ್ಲ... ನಂಬುವುದಕ್ಕೆ ಆಗುತ್ತಿಲ್ಲ.
ಶರಣಪ್ಪ ಕಾಕಾ ಹೋಗಿಬಿಟ್ಟರು.

ಇವತ್ತು ಬೆಳಿಗ್ಗೆ... ನಮ್ಮ ಕಣ್ಣೆದುರಿಗೇ.
ಕಣ್ಣೆದುರಿಗೇ ಅಂತ ಬರೆದೆ. ನಾವು ನೋಡಿದೆವಾ ಅಂದರೆ... ಅದೇ ಗೊತ್ತಾಗುತ್ತಿಲ್ಲ.

ಅವರನ್ನು ಅರಿಯದ ಫ್ರೆಂಡ್ಸ್‌ಗೆ ಹೇಳುತ್ತೇನೆ.
ನಮ್ಮದು ಪುಣೆಯ ಒಂದು ಪಾರ್ಕಿನ ಹಾಸ್ಯ ಕ್ಲಬ್. ದಿನಾ ಬೆಳಿಗ್ಗೆ ಚಪ್ಪಲಿ ಬಿಟ್ಟು, ಹುಲ್ಲಿನ ಮೇಲೆ ವೃತ್ತವಾಗಿ ನಿಂತು, ಕಾರಣವಿಲ್ಲದೆ ನಗುತ್ತೇವೆ. ಅಷ್ಟೇ. ಹೆಚ್ಚಿನವರು ಮರಾಠಿಯವರು, ರಿಟೈರ್ ಆದವರು. ಅವರನ್ನೆಲ್ಲ ನಗಿಸುತ್ತಿದ್ದವರು ಶರಣಪ್ಪ ಕಾಕಾ. ಆಳಂದದ ಕಡೆಯವರು. ಭೋಸರಿಯ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು.

ತುಮಕೂರಿನ ಐಟಿ ಹುಡುಗಿ ನಾನು ಅಲ್ಲಿಗೆ ಹೇಗೆ ಸೇರಿದೆ ಅಂದರೆ...
ಪಾರ್ಕಿನಲ್ಲಿ ವಾಕ್ ಮಾಡುತ್ತಾ, ಮ್ಯಾನೇಜರ್ ಮೇಲಿನ ಸಿಟ್ಟನ್ನೆಲ್ಲ ಫೋನಿನಲ್ಲಿ ಅಮ್ಮನ ಮೇಲೆ ಸುರಿಯುತ್ತಿದ್ದೆ.
"ಕನ್ನಡದವ್ರೇನ್ರಿ ತಂಗಿ? ಭಾಳ ಸಿಟ್ಟಿನಾಗ ಇದ್ದಂಗ ಅದ. ಫೋನ್ ಇಡ್ರಿ. ಬರ್ರಿ, ಇಲ್ಲೆ ನಿಂದರ್ರಿ." ವೃತ್ತದಿಂದ ಕಾಕಾ ಕರೆದರು.
ನಿಂತೆ.
ಮೆಂಬರ್ ಆಗೋದು ಹೇಗೆ ಅಂಕಲ್ ಅಂದೆ. ನಕ್ಕರು.
"ಈಗ ನಿಂತೀರಲ್ಲ, ಅದು ನಿಮ್ಮ ಜಾಗಾ. ನೀವು ಬರಲಾರದ ದಿನ ಅಲ್ಲಿ ಯಾರೂ ನಿಂದರಂಗಿಲ್ಲ. ಜಾಗಾ ಖಾಲಿ ಅದ ಅಂತ ನಾಕು ಮಂದಿ ನೋಡತಾರ. ಮೆಂಬರ್ ಅಂದ್ರ ಅಷ್ಟ."

ಇನ್ನೊಂದು ರೂಲ್ ಇತ್ತು. ಮನೆಯ ವಿಷಯ ಚಪ್ಪಲಿಯ ಜೊತೆ ಹೊರಗೆ.
ಯಾರ ಮನೆ ಎಲ್ಲಿ, ಯಾರಿಗೆ ಏನು ಕಾಯಿಲೆ... ಕೇಳುವ ಹಾಗಿಲ್ಲ.
ನನಗಂತೂ ಆರಾಮ. "ಮದುವೆ ಯಾವಾಗ" ಅಂತ ಕೇಳದ ಹಿರಿಯರನ್ನು ನಾನು ಕಂಡಿದ್ದು ಅಲ್ಲಿ ಮಾತ್ರ.

ಇವತ್ತು ಕೊನೆಗೆ ಮೂಕ ನಗು.
ಬಾಯಿ ತೆರೆದು ಸದ್ದಿಲ್ಲದೆ ನಗಬೇಕು. ಕಾಕಾ ಏನು ಮಾಡುತ್ತಾರೋ ಅದನ್ನೇ ಎಲ್ಲರೂ ಮಾಡಬೇಕು.
ಕಾಕಾ ಬಗ್ಗಿದರು. ನಾವೂ ಬಗ್ಗಿದೆವು.
ಎದೆ ಹಿಡಿದುಕೊಂಡರು. ನಾವೂ ಹಿಡಿದುಕೊಂಡೆವು.
ಮಂಡಿಯೂರಿದರು... ಹುಲ್ಲಿನ ಮೇಲೆ ಪಕ್ಕಕ್ಕೆ ಉರುಳಿದರು...
ನಾವೂ.

ಹೊಸ ಐಟಂ ಅಂದುಕೊಂಡೆವು ರೀ...
ಇಡೀ ಕ್ಲಬ್ ಹುಲ್ಲಿನ ಮೇಲೆ ಮಲಗಿ, ಬಾಯಿ ತೆರೆದು, ಸದ್ದಿಲ್ಲದೆ ನಗುತ್ತಿತ್ತು.
"ಕಾಕಾ, ಪುರೇ ಆತಾ, ಉಠಾ!" ಸಾಕು, ಏಳಿ ಅಂತ ಕ್ಲಬ್ಬಿನ ಅಜ್ಜಿ, ಸುಮನ್ ಆಜಿ, ನಗುತ್ತಲೇ ಕರೆದರು.
ಅವರು ಏಳಲಿಲ್ಲ.

ಕಾಕಾ...
ಬರದವರ ಜಾಗ ನೋಡುವುದನ್ನು ನಮಗೆ ಕಲಿಸಿದಿರಿ. ಬಂದು ಎದುರಿಗೇ ನಿಂತವರನ್ನು ನಾವು ಯಾಕೆ ನೋಡಲಿಲ್ಲ?
ಆ ಹೊತ್ತಿನಲ್ಲಿ ನಿಮಗೆ ನಾವು ಕಂಡೆವಾ? ಅಣಕಿಸುತ್ತಿದ್ದಾರೆ ಅನ್ನಿಸಿತಾ? ಇಲ್ಲಾ... ಎಲ್ಲರೂ ಜೊತೆಗಿದ್ದಾರೆ ಅನ್ನಿಸಿತಾ?
ಬೇಗ ತಂದಿದ್ದರೂ ಉಳಿಯುತ್ತಿರಲಿಲ್ಲ ಅಂದರು ಡಾಕ್ಟರ್. ಅದು ನಿಜವೋ, ನಮ್ಮ ಮುಖ ನೋಡಿ ಹಾಗೆ ಹೇಳಿದರೋ... ಗೊತ್ತಿಲ್ಲ.

ಆಸ್ಪತ್ರೆಯ ಕೌಂಟರಿನಲ್ಲಿ "ಪೇಶಂಟ್ ತುಮಚೇ ಕೋಣ?" ನಿಮಗೆ ಏನಾಗಬೇಕು ಅಂದರು.
ನೀವು ನನಗೆ ಏನಾಗಬೇಕು ಕಾಕಾ? ಕನ್ನಡ, ಮರಾಠಿ, ಇಂಗ್ಲಿಷ್... ಯಾವುದರಲ್ಲೂ ಅದಕ್ಕೊಂದು ಪದವಿಲ್ಲ. "ಕ್ಲಬ್" ಅಂದೆ.
ನಿಮ್ಮ ಮನೆ ಎಲ್ಲಿ ಅಂತ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.
ಅಷ್ಟರಲ್ಲಿ ನಿಮ್ಮ ಫೋನ್ ರಿಂಗ್ ಆಯಿತು. ಸ್ಕ್ರೀನಿನ ಮೇಲೆ "ಮನಿ" ಅಂತ ಇತ್ತು.
"ಚಾ ಆರಲಾಕತ್ತದ, ಎಲ್ಲಿದ್ದೀರಿ?" ಅಂದರು ನಿಮ್ಮ ಮನೆಯವರು, ಕಾಕು.

ನಿಮ್ಮ ಮಗ ಓಡಿ ಬಂದರು. ಹಾಸ್ಯ ಕ್ಲಬ್ಬಿನವರು ಅಂದರೆ ಅವರಿಗೆ ಅರ್ಥವೇ ಆಗಲಿಲ್ಲ.
"ನಮ್ಮಪ್ಪ ನಗಂಗಿಲ್ರಿ. ವಾಕಿಂಗ್ ಹೋಗತಾರ. ನೀವು ಬ್ಯಾರೆ ಯಾರನೋ ಅಂದುಕೊಂಡೀರಿ."
ನೀವು ಒಳಗೆ ಕಾಲಿಟ್ಟರೆ ಮನೆಯಲ್ಲಿ ಟಿವಿ ಆಫ್ ಆಗುತ್ತಿತ್ತಂತೆ. ಮೊಮ್ಮಕ್ಕಳು ಪುಸ್ತಕ ಹಿಡಿಯುತ್ತಿದ್ದರಂತೆ.
ನೀವಾ?! ಸಿಂಹದ ನಗು ಅಂತ ನಾಲಿಗೆ ಚಾಚಿ ನನ್ನನ್ನು ಹೆದರಿಸುತ್ತಿದ್ದ ನೀವಾ?
ನಾವು ಯಾರನ್ನು ಕಳೆದುಕೊಂಡೆವು, ಅವರು ಯಾರನ್ನು ಕಳೆದುಕೊಂಡರು... ತಲೆ ಕೆಟ್ಟುಹೋಗಿದೆ ಕಾಕಾ.

ಮಧ್ಯಾಹ್ನ ನಿಮ್ಮ ಮನೆಯಲ್ಲಿ ಕಾಕು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.
"ಹ್ಯಾಂಗ ನಗತಿದ್ರವಾ ಅವರು? ತೋರಸು."
ಸಾವಿನ ಮನೆಯಲ್ಲಿ... ಎಲ್ಲರೂ ಅಳುತ್ತಿರುವಾಗ...
ಅವರ ಕಿವಿಯ ಹತ್ತಿರ ಬಾಗಿದೆ. ಚಳಿಗೆ ಸ್ಟಾರ್ಟ್ ಆಗದ ಹಳೇ ಸ್ಕೂಟರಿನ ಹಾಗೆ ಶುರು ಮಾಡುತ್ತಿದ್ದಿರಲ್ಲ... ಹೊಹ್... ಹೊಹ್... ಹೊಹ್ಹೊ... ಹಾಗೇ ಮಾಡಿದೆ.
ಕಾಕು ಕಣ್ಣು ಮುಚ್ಚಿ ಕೇಳಿದರು.
"ಇದು ನಮ್ಮ ಮಾವನವರ ನಗು ಅದವಾ" ಅಂದರು.
ನನ್ನ ಕೈ ಬಿಡದೆ, "ಇನ್ನೊಮ್ಮಿ" ಅಂದರು.

ಸಂಜೆ ನಿಮ್ಮನ್ನು ಊರಿಗೆ ಕರೆದುಕೊಂಡು ಹೊರಟರು. ಆಂಬ್ಯುಲೆನ್ಸ್ ಹತ್ತುವ ಮುಂಚೆ ಕಾಕು ಕೇಳಿದರು:
"ನಾಳಿ ಕ್ಲಬ್ ಅದ ಏನು?"
ಕ್ಲಬ್ಬಿನ ವಾಟ್ಸಾಪ್ ಗ್ರೂಪಿನಲ್ಲಿ ಬೆಳಿಗ್ಗೆಯಿಂದ ಅದೇ ಜಗಳ. ಮುಚ್ಚೋಣ ಅನ್ನುವವರು, ಮೌನವಾಗಿ ನಿಂತು ಬರೋಣ ಅನ್ನುವವರು, ಇನ್ನು ಈ ಜನ್ಮದಲ್ಲಿ ನಗುವುದಿಲ್ಲ ಅನ್ನುವವರು... ನನಗೇನು ಗೊತ್ತು?
ಆದರೂ ಬಾಯಿಂದ ಬಂತು: "ಅದ, ಕಾಕು."
"ಅವರ ಜಾಗಾದಾಗ ಯಾರನೂ ನಿಂದ್ರಸಬ್ಯಾಡ್ರಿ. ಊರಿಂದ ತಿರುಗಿ ಬಂದು ನಾ ನೋಡತೀನಿ."

ಅದಕ್ಕೇ, ಕ್ಲಬ್ಬಿನ ಗೆಳೆಯರೇ (ಇದನ್ನು ಮರಾಠಿಯಲ್ಲೂ ಗ್ರೂಪಿಗೆ ಹಾಕಿದ್ದೇನೆ), ನಾಳೆ ಬನ್ನಿ.
ನಗು ಬರುತ್ತದಾ? ನನಗೆ ಗೊತ್ತಿಲ್ಲ. ಅಳು ಬಂದರೆ ಅತ್ತುಬಿಡೋಣ.
ಮೂಕ ನಗು ಮಾತ್ರ ಬೇಡ... ಇನ್ನು ಮುಂದೆ ಎಂದೂ ಬೇಡ. ಸದ್ದು ಮಾಡಿಯೇ ನಗೋಣ. ಯಾರದಾದರೂ ಸದ್ದು ನಿಂತರೆ ಪಕ್ಕದವರಿಗೆ ತಿಳಿಯಲಿ.

ಹೋಗಿಬನ್ನಿ ಕಾಕಾ.
ದಣಿದ ಜೀವಕ್ಕೆ ತಂಪಾಗಲಿ.
ನಿಮ್ಮ ಜಾಗ ಖಾಲಿ ಇದೆ... ಈ ಸಲ ನೋಡಿದ್ದೇವೆ. 🙏