ಲವ್‌ಡೇ ಬೇಯಿಸಿದ ಜೇಡ ಏಡಿ

ನಮ್ಮ ಪೋರ್ತ್‌ವೀನ್ ಬಂದರಿನಲ್ಲಿ ಲವ್‌ಡೇ ನ್ಯಾನ್‌ಕ್ಯಾರೊಳ ಗಂಟಲು ಎಲ್ಲರಿಗೂ ಪರಿಚಯ. ಗಂಡ ಡೆನ್ಜಿಲ್‌ನ ದೋಣಿ ಇನ್ನೂ ನೀರಿನ ಮೇಲಿರುವಾಗಲೇ ಅವಳ ಬೈಗುಳ ಹೋಗಿ ಅವನನ್ನು ಎದುರುಗೊಳ್ಳುತ್ತಿತ್ತು. ಯುರೋಪಿನ ಒಕ್ಕೂಟ ಬಿಡಬೇಕೋ ಬೇಡವೋ ಎಂದು ಇಡೀ ಬ್ರಿಟನ್ನಿನ ಜನರನ್ನು ಕೇಳಿದ ವರ್ಷ, ಬಿಡಲೇಬೇಕು ಎಂಬ ಫಲಕವನ್ನು ಊರಿನಲ್ಲಿ ಮೊದಲು ಕಿಟಕಿಗೆ ಅಂಟಿಸಿದವಳು ಅವಳೇ. ನಮ್ಮ ಕಡಲು ನಮಗಿರಲಿ ಎನ್ನುವುದು ಅವಳ ವಾದ. ಡೆನ್ಜಿಲ್ ಮಾತ್ರ ತಾನು ಯಾವ ಕಡೆಗೆ ಮತ ಹಾಕಿದೆನೆಂದು ಬಾಯಿ ಬಿಡಲಿಲ್ಲ. "ಹೇಳಿದ್ರೆ ನಂಗೆ ಊಟ ಸಿಗಲ್ಲ" ಅಂದ. ನಮಗೆ ಅಷ್ಟು ಸಾಕಾಯಿತು.

ಡೆನ್ಜಿಲ್ ಹಿಡಿಯುತ್ತಿದ್ದುದು ಜೇಡ ಏಡಿ. ಮೈತುಂಬ ಮುಳ್ಳು, ಎಲ್ಲಿ ಬೇಕೆಂದರಲ್ಲಿ ಕಾಲು. ನಮ್ಮೂರಿನವರು ಯಾರೂ ಅದನ್ನು ಬಾಯಿಗಿಡುತ್ತಿರಲಿಲ್ಲ. ವಸಂತ ಬಂತೆಂದರೆ ಸ್ಪೇನಿನಿಂದ ನೀರಿನ ತೊಟ್ಟಿಗಳಿದ್ದ ಲಾರಿ ಬರುತ್ತಿತ್ತು. ಅದರ ಚಾಲಕ ಶುರ್ಶೊ ಏಡಿಗಳನ್ನು ಜೀವಂತವಾಗಿ ತುಂಬಿಕೊಂಡು, ಲವ್‌ಡೇ ಮಾಡಿದ ಚಹಾ ಕುಡಿದು, ಆ ಚಹಾವನ್ನು ಹೀಗಳೆದು ಹೊರಡುತ್ತಿದ್ದ. ಹುಡುಗನಾಗಿ ಬರಲು ಶುರುಮಾಡಿದವನು ಈಗ ಮಗಳ ಮದುವೆಯ ಫೋಟೋ ತೋರಿಸುತ್ತಿದ್ದ.

ಒಕ್ಕೂಟ ಬಿಟ್ಟು ಹೊಸ ನಿಯಮಗಳು ಬಂದ ಮೊದಲ ವಸಂತದಲ್ಲಿ ಅವನ ಲಾರಿ ಗಡಿಯಲ್ಲೇ ನಿಂತುಬಿಟ್ಟಿತು. ಪಶುವೈದ್ಯರ ಸಹಿ ಇದ್ದರೆ ಸುಂಕದವರ ಮೊಹರು ಇಲ್ಲ, ಮೊಹರು ಬೀಳುವಷ್ಟರಲ್ಲಿ ಏಡಿಗಳು ಸತ್ತಿದ್ದವು. ಶುರ್ಶೊ ಫೋನ್ ಮಾಡಿದ.

"ಲವ್‌ಡೇ, ಇನ್ಮೇಲೆ ಆ ಕಡೆ ಹೋಗ್ಬೇಡ ಅಂದ್ಬಿಟ್ರು ನಮ್ಮ ಧಣಿ."

"ಹಾಗಂದ್ರೆ ಹೇಗಪ್ಪಾ? ಬಂದರಿನ ನೀರಲ್ಲಿ ಬೋನುಗಟ್ಟಲೆ ಏಡಿ ಕೂತಿದಾವೆ. ಅವನ್ನ ಏನ್ ಮಾಡ್ಲಿ?"

"ತಿನ್ನಿ."

"ಯಾರು, ನಾವಾ?"

"ಮತ್ತಿನ್ಯಾರು? ಕಡಲು ಈಗ ನಿಮ್ದೇ ಅಲ್ವಾ?"

ಲವ್‌ಡೇ ಫೋನ್ ಕುಕ್ಕಿದಳು. ಡೆನ್ಜಿಲ್ ಜಾಣ, ಬೋನು ನೋಡುವ ನೆಪದಲ್ಲಿ ಬಂದರಿಗೆ ಜಾರಿಕೊಂಡ. ಆ ತಿಂಗಳು ಪಕ್ಕದ ಮನೆಯ ಪೆಂಗೆಲ್ಲಿ ಅಣ್ಣತಮ್ಮಂದಿರು, ಹಿಡಿದ ಏಡಿ ಕೊಳ್ಳುವವರಿಲ್ಲದೆ, ದೋಣಿ ಮಾರಿದರು. ಕೊಂಡವರು ಅದನ್ನು ಎಳೆದುಕೊಂಡು ಹೋಗುವಾಗ ಲವ್‌ಡೇ ಕಟ್ಟೆಯ ಮೇಲೆ ಕೈಕಟ್ಟಿ ನಿಂತಿದ್ದಳು. ಹಿರಿಯ ಪೆಂಗೆಲ್ಲಿ ಅವಳತ್ತ ನೋಡಲೂ ಇಲ್ಲ. ಅದು ಅವಳಿಗೆ ಚೆನ್ನಾಗಿಯೇ ತಾಗಿತು. ಮನೆಗೆ ಬಂದು ಅವಳೇ ಶುರ್ಶೊನಿಗೆ ಫೋನ್ ಮಾಡಿದಳು.

"ಸರಿ, ಹೇಳು. ಹೇಗೆ ಬೇಯಿಸೋದು?"

"ನೀರು ಸಮುದ್ರದಷ್ಟು ಉಪ್ಪಿರ್ಬೇಕು. ಒಂದು ಪಲಾವ್ ಎಲೆ ಹಾಕಿ. ಬೇರೇನೂ ಹಾಕ್ಬೇಡಿ, ದಮ್ಮಯ್ಯ. ನಿಮ್ಮ ಚಹಾ ಕುಡಿದು ಬಲ್ಲೆ ನಾನು."

ಬೇಯಿಸಿದಳು. ಅಡುಗೆಮನೆಯಲ್ಲಿ ಸುತ್ತಿಗೆ ಹಿಡಿದು ಒಡೆದಳು, ಚಿಪ್ಪು ಗೋಡೆಗೆಲ್ಲ ಹಾರಿತು. ಡೆನ್ಜಿಲ್ ಒಂದು ಚೂರು ಬಾಯಿಗಿಟ್ಟ, ಇನ್ನೊಂದು ಇಟ್ಟ, ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ.

"ಇಷ್ಟು ವರ್ಷ ಇದನ್ನ ಆ ಸ್ಪೇನಿನೋರಿಗೆ ಕೊಟ್ವೇನೇ?"

"ಬಾಯ್ಮುಚ್ಕೊಂಡು ತಿನ್ನು."

ಮುಂದಿನ ಶನಿವಾರ ಬಂದರಿನ ಕಟ್ಟೆಯ ಮೇಲೆ ಹಂಡೆ ಇಟ್ಟಳು. ಜನ ಬಂದರು, ಕಾಲುಗಳನ್ನು ನೋಡಿದರು, ಹಿಂದೆ ಸರಿದರು. ಆಗ ಅವಳು ಮಾಡಿದ ಕೆಲಸಕ್ಕೆ ಊರೇ ಎದ್ದು ಕೂತಿತು: ಏಡಿಯ ಮಾಂಸವನ್ನು ಬಿಡಿಸಿ ಪ್ಯಾಸ್ಟಿಯೊಳಗೆ ತುಂಬಿದಳು. ನಮ್ಮ ಕಡೆ ಪ್ಯಾಸ್ಟಿ ಎಂದರೆ ಕರಿಗಡುಬಿನಂತೆ ಅಂಚು ಮಡಿಸಿ ಸುಟ್ಟದ್ದು. ಒಳಗೆ ದನದ ಮಾಂಸ, ಆಲೂಗಡ್ಡೆ, ಈರುಳ್ಳಿ, ಟರ್ನಿಪ್ ಗಡ್ಡೆ. ಅದರಲ್ಲಿ ಒಂದು ಕ್ಯಾರೆಟ್ ಕಂಡರೂ ಜಗಳವಾಗುತ್ತದೆ.

ನಾದಿನಿ ಕೆರೆನ್ಸಾ ಓಡಿಬಂದಳು. "ಪ್ಯಾಸ್ಟಿಯೊಳಗೆ ಏಡಿನಾ ಅತ್ತಿಗೆ? ನಮ್ಮಮ್ಮ ನೋಡಿದ್ರೆ ಎದೆ ಒಡ್ಕೊಂಡು ಸಾಯ್ತಿದ್ರು."

"ಅವರು ಆಗ್ಲೇ ಸತ್ತಾಯ್ತಲ್ಲ. ನೀನು ಒಂದು ತಿಂದು ನೋಡು."

ಕೆರೆನ್ಸಾ ಬೈಯುತ್ತಲೇ ತಿಂದಳು, ಬೈಯುತ್ತಲೇ ಮನೆಗೂ ಎರಡು ಕಟ್ಟಿಸಿಕೊಂಡಳು. ಬೇಸಿಗೆಯ ಹೊತ್ತಿಗೆ ಪ್ರವಾಸಿಗರ ಸಾಲು ನಿಲ್ಲತೊಡಗಿತು. ಸುತ್ತಿ ಮಡಿಸುವ ಕೆಲಸಕ್ಕೆ ಒಬ್ಬರು ಬೇಕಾದಾಗ ಲವ್‌ಡೇ ಹಿರಿಯ ಪೆಂಗೆಲ್ಲಿಯ ಬಾಗಿಲು ತಟ್ಟಿದಳು. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ. ಮರುದಿನ ಅವನು ಏಪ್ರನ್ ಕಟ್ಟಿಕೊಂಡು ಹಿಟ್ಟು ಲಟ್ಟಿಸುತ್ತಿದ್ದ. ದೋಣಿಯೇನೂ ವಾಪಸು ಬರಲಿಲ್ಲ. ಡೆನ್ಜಿಲ್ ಕೂಡ ಮೊದಲಿನಷ್ಟು ಬೋನು ಇಳಿಸುವುದಿಲ್ಲ.

ಹೋದ ವರ್ಷ ಶುರ್ಶೊ ಹಟ ಹಿಡಿದು ಗಂಡಹೆಂಡಿರನ್ನು ತನ್ನೂರಿಗೆ ಕರೆಸಿಕೊಂಡ. ಸ್ಪೇನಿನ ಬಂದರಿನಲ್ಲಿ ಹಡಗಿಳಿದರೆ, ಒಕ್ಕೂಟದವರ ಸಾಲು ಸರಸರನೆ ಸಾಗುತ್ತಿದೆ, ಹೊರಗಿನವರ ಸಾಲು ಬಿಸಿಲಲ್ಲಿ ನಿಂತಿದೆ.

"ಈ ಸಾಲು ಅಲ್ಲಾಡೋದೇ ಇಲ್ವಲ್ಲ" ಎಂದಳು ಲವ್‌ಡೇ.

"ಇದಕ್ಕೇ ಅಲ್ವೇನೇ ನೀನು ಮತ ಹಾಕಿದ್ದು?" ಎಂದ ಡೆನ್ಜಿಲ್.

ಅಷ್ಟು ವರ್ಷಗಳಲ್ಲಿ ಆ ಮತದ ಬಗ್ಗೆ ಅವನು ಅವಳಿಗೆ ಆಡಿದ್ದು ಅದೊಂದೇ ಮಾತು. ಲವ್‌ಡೇ ನಕ್ಕಳಂತೆ. ಮರಳಿ ಬಂದ ಮೇಲೆ ಅವಳೇ ನಮಗೆ ಹೇಳಿದ್ದು.

ಶುರ್ಶೊನ ತಾಯಿಯ ಅಡುಗೆಮನೆಯಲ್ಲಿ ಲವ್‌ಡೇ ತನ್ನ ಏಡಿ ಪ್ಯಾಸ್ಟಿ ಮಾಡಿ ಬಡಿಸಿದಳು. ಮುದುಕಿ ತಿಂದು ಏನೋ ಅಂದರು. "ತುಂಬಾ ಚೆನ್ನಾಗಿದೆ ಅಂತಿದಾರೆ" ಎಂದ ಶುರ್ಶೊ. ತಟ್ಟೆ ನೋಡಿದರೆ ಒಳಗಿನ ಏಡಿ ಖಾಲಿ, ಮೇಲಿನ ಹಿಟ್ಟೆಲ್ಲ ಹಾಗೇ ಬಿದ್ದಿದೆ.

"ಸುಳ್ಳು ಹೇಳ್ಬೇಡ, ನಿಜ ಹೇಳು."

"ಇಷ್ಟು ಒಳ್ಳೆ ಏಡಿಗೆ ಕಂಬಳಿ ಯಾಕೆ ಹೊದ್ಸಿದಾಳೆ ಅಂತಿದಾರೆ."

ಮುದುಕಿ ಎದ್ದು ಬೆಂದ ಏಡಿಯೊಂದನ್ನು ತಂದು ಲವ್‌ಡೇಯ ಮುಂದಿಟ್ಟರು. ಅವಳ ಹೆಬ್ಬೆರಳು ಹಿಡಿದು ಚಿಪ್ಪಿನ ಸಂದಿಗೆ ಒತ್ತಿ, ಒಂದೇ ಸಲಕ್ಕೆ ಬಿಚ್ಚುವುದು ಹೇಗೆಂದು ತೋರಿಸಿಕೊಟ್ಟರು.