ಮೇಷ್ಟ್ರ ಸುದ್ದಿಯಲ್ಲಿ ನಾನು ಬಿಟ್ಟ ಒಂದಕ್ಷರ

ಹೋದ ತಿಂಗಳು ನನ್ನ ಜೆರಾಕ್ಸ್ ಅಂಗಡಿಯ ಪಕ್ಕದ ಮಳಿಗೆಗೆ ಫ್ಲೆಕ್ಸ್ ಪ್ರಿಂಟ್ ಮಾಡುವವರು ಬಂದರು. ಹಸಿ ಬಣ್ಣದ ಘಾಟು ಗೋಡೆ ದಾಟಿ ಬಂದ ಮೊದಲ ದಿನವೇ ಬೇಗ ಬಾಗಿಲು ಹಾಕಿ ಮನೆಗೆ ಹೋದೆ.

ಆರು ವರ್ಷದ ಹಿಂದೆ, ಒಂದು ಬೆಳಿಗ್ಗೆ, ತುಮಕೂರಿನಿಂದ ಬಂದು ಮಧುಗಿರಿ ಬಸ್ ನಿಲ್ದಾಣದಲ್ಲಿ ಇಳಿದಿದ್ದೆ. ಎದುರಿಗೆ ಆಗತಾನೇ ಕಟ್ಟಿದ ಫ್ಲೆಕ್ಸ್. ಇದೇ ಘಾಟು. ಅದರಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರ ಫೋಟೋ, ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ಎರಡು ಗಂಟೆ ಮುಂಚೆ ಆಸ್ಪತ್ರೆಯಲ್ಲಿ ಅವರ ಹಣೆ ಮುಟ್ಟಿ, ಬಟ್ಟೆ ಬದಲಿಸಿ ಬರುತ್ತೇನೆಂದು ಹೊರಟವನು ನಾನು.

ಮೇಷ್ಟ್ರು ನಿಡುಗಲ್ ಕಡೆಯವರು. ಮಕ್ಕಳಿರಲಿಲ್ಲ. ನಿವೃತ್ತಿಯಾದ ಮೇಲೆ ನಮ್ಮ ಬೀದಿಯಲ್ಲೇ ಮನೆ ಮಾಡಿದ್ದರು. ಕುರಿ ಕಾಯುವವರ ಮಕ್ಕಳಾದ ನಮಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವಾಗ ಅರ್ಧ ಪಾಠ ನಮ್ಮ ಮಾತಿನಲ್ಲೇ ನಡೆಯುತ್ತಿತ್ತು.

“ಗಡಿಗೇಲಿ ‘ಲಿಟಲ್’ ವಾಟರ್ ಅಂದ್ರೆ ನೀರಿಲ್ಲ ಅಂತ್ಲೇ ಲೆಕ್ಕ, ಬಿಂದಿಗೆ ತಗಂಡು ಹೊರಡು. ‘ಎ ಲಿಟಲ್’ ಅಂದ್ರೆ ಒಂಚೂರು ಐತೆ, ಎಸರಿಡಬೌದು ಕಣ್ಲಾ.”

ಎಲ್ಲರೂ ನಕ್ಕಿದ್ದೆವು. ನಾನೂ ತಲೆಯಾಡಿಸಿದ್ದೆ…

ಅವರಿಗೆ ಲಕ್ವ ಹೊಡೆದಾಗ ತುಮಕೂರಿನ ಆಸ್ಪತ್ರೆಗೆ ಸೇರಿಸಿದವನು ನಾನೇ. ಮೂರನೆಯ ದಿನ ಸಂಜೆ ಡಾಕ್ಟರು “ಸ್ವಲ್ಪ ಭರವಸೆ ಇದೆ” ಅಂದರು. ಖುಷಿಯಲ್ಲಿ ಅದನ್ನು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹಾಕಿದೆ. ಇಂಗ್ಲಿಷ್ ಮೇಷ್ಟ್ರ ಸುದ್ದಿಯಲ್ಲವೇ, ಇಂಗ್ಲಿಷಿನಲ್ಲೇ ಇರಲಿ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಆ ಫ್ಲೆಕ್ಸ್ ಕಂಡಾಗ, ನಾನು ಬಸ್ಸಿನಲ್ಲಿದ್ದಾಗಲೇ ಮೇಷ್ಟ್ರು ಹೋಗಿಬಿಟ್ಟರು ಅನ್ನಿಸಿತು. ಅಮ್ಮನಿಗೆ, ಅಂದರೆ ಮೇಷ್ಟ್ರ ಹೆಂಡತಿಗೆ, ಫೋನ್ ಮಾಡಿದೆ.

“ಈಗ್ತಾನೆ ಎರಡು ಚಮಚ ಗಂಜಿ ಕುಡುದ್ರು ಕಣಪ್ಪಾ. ಯಾಕೆ, ಹಿಂಗ್ಯಾಕೆ ಉಸಿರು ಬಿಡ್ತಿದೀಯಾ?”

ಏನೂ ಇಲ್ಲ ಅಂದೆ. ಅವರ ಮನೆಯ ಮುಂದೆ ಹೋದರೆ ಜನವೋ ಜನ. ಶಿರಾದಿಂದ, ಕೊರಟಗೆರೆಯಿಂದ ಬಂದವರು ಹಾರ ಹಿಡಿದು ನಿಂತಿದ್ದರು. “ಬದುಕವ್ರೆ, ಯಾರಲಾ ಹಿಂಗೆ ಸುದ್ದಿ ಹಬ್ಬಿಸಿದ್ದು?” ಎಂದು ಕೂಗಾಡಿದೆ. ನನ್ನ ಜೊತೆ ಓದಿದವನೊಬ್ಬ ಮುಂದೆ ಬಂದ.

“ನೀನೇ ಅಲ್ವೇನ್ಲಾ ಕಳಿಸಿದ್ದು?” ಎಂದು ಫೋನ್ ನನ್ನ ಮುಖದ ಮುಂದೆ ಹಿಡಿದ.

‘ದೇರ್ ಈಸ್ ಲಿಟಲ್ ಹೋಪ್.’

ನಾನು ಬರೆದದ್ದೇ, ‘ಎ’ ಬಿಟ್ಟು. ಆಸೆಯೇ ಇಲ್ಲ ಎಂದು ಅವರು ಓದಿಕೊಂಡಿದ್ದರು. ಗುಂಪಿನಿಂದ ಗುಂಪಿಗೆ ಹೋಗುವಷ್ಟರಲ್ಲಿ ಅದು ಸಾವಿನ ಸುದ್ದಿಯಾಗಿತ್ತು. ಬಸ್ ನಿಲ್ದಾಣಕ್ಕೆ ವಾಪಸ್ ಓಡಿದೆ. ನಾನೇ ಹಗ್ಗ ಕೊಯ್ದು ಫ್ಲೆಕ್ಸ್ ಇಳಿಸಿದೆ.

ತಿಂಗಳಾದ ಮೇಲೆ ಮೇಷ್ಟ್ರು ಮನೆಗೆ ಬಂದರು. ಯಾರೋ ಅವರಿಗೆ ಹೇಳಿಬಿಟ್ಟಿದ್ದರು. ನನ್ನನ್ನು ಕರೆಸಿ, ಆ ಸಂದೇಶ ತೋರಿಸು ಅಂತ ಸನ್ನೆ ಮಾಡಿದರು. ಓದಿದರು. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ.

“ಅವ್ರೆಲ್ಲಾ… ಸರಿಯಾಗೇ ಓದವ್ರೆ” ಅಂದರು, ತೊದಲುತ್ತಾ. ಒಂದು ಕಡೆಗೆ ಎಳೆದ ಬಾಯಿಯಲ್ಲಿ ನಗುತ್ತಿದ್ದರು. ಆ ನಗು ನೋಡಲಾಗದೆ ಹೊರಗೆ ಬಂದುಬಿಟ್ಟೆ.

ಎಂಟು ತಿಂಗಳ ನಂತರ, ಒಂದು ಮಧ್ಯಾಹ್ನ ಊಟಕ್ಕೆ ಕೂತವರು ಹಾಗೇ ಒರಗಿದರು. ಈ ಸಲ ಕನ್ನಡದಲ್ಲಿ, ಬಿಡಿಸಿ ಬರೆದು ಕಳಿಸಿದೆ. ಯಾರೂ ನಂಬಲಿಲ್ಲ. “ಇನ್ನೊಂದ್ಸಲ ವಿಚಾರಿಸಿ ಹಾಕಪ್ಪಾ” ಎಂದು ಒಬ್ಬ ಬರೆದ. ಒಬ್ಬೊಬ್ಬರಿಗೂ ಫೋನ್ ಮಾಡಿ ನಂಬಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಹೆಗಲು ಕೊಡಲು ಬೀದಿಯವರನ್ನು ಕರೆಯಬೇಕಾಯಿತು.

ಖಾಲಿ ಅಂಗಳ ನೋಡಿ ಅಮ್ಮ ಮೆಲ್ಲಗೆ ಅಂದರು, “ಬರೋರೆಲ್ಲಾ ಅವತ್ತೇ ಬಂದೋಗ್ಬುಟ್ರು, ಬುಡಪ್ಪಾ.”

ಅವರೀಗ ಪಾವಗಡದಲ್ಲಿ ತಂಗಿಯ ಮನೆಯಲ್ಲಿದ್ದಾರೆ. ವರ್ಷಕ್ಕೊಮ್ಮೆ ಹೋಗುತ್ತೇನೆ. ತಪ್ಪಾಯಿತು ಅಮ್ಮ, ಅಂತ ಹೇಳಬೇಕೆಂದುಕೊಂಡೇ ಬಸ್ ಹತ್ತುತ್ತೇನೆ. ಅವರು ತಟ್ಟೆ ಹಾಕಿ, ಹತ್ತಿರ ಕೂತು ಬಡಿಸುತ್ತಾರೆ. ಉಂಡು ಬರುತ್ತೇನೆ… ಇನ್ನೂ ಹೇಳಿಲ್ಲ.