ಗುರುಪಾದಪ್ಪನ ಬಾಣಂತಿ ತೊಟ್ಟಿ

ಕೇಶ್ವಾಪುರದ ಗುರುಪಾದಪ್ಪನಿಗೆ ಬೇಡ ಎನ್ನಲು ಬರುತ್ತಿರಲಿಲ್ಲ. ಪಂಕ್ತಿಯಲ್ಲಿ ನಾಲ್ಕನೆಯ ಹೋಳಿಗೆ ಎಲೆಗೆ ಬಿದ್ದರೂ ಸುಮ್ಮನೆ ತಿಂದು, ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ಮಲಗುವ ಪೈಕಿ. ರಕ್ತ ತಪಾಸಣೆಯ ಲ್ಯಾಬೊಂದರಲ್ಲಿ ಮೂವತ್ತೊಂದು ವರ್ಷ ದುಡಿದ. ಅಷ್ಟೂ ವರ್ಷ ಹಬ್ಬದ ದಿನದ ಪಾಳಿ ಆತನದೇ. "ಗುರುಪಾದಪ್ಪ, ನಾಳೆ ನನ್ನ ಬದಲಿ ನೀವ ಬರ್ರಿ" ಎಂದು ಯಾರಾದರೂ ಅಂದರೆ ಮುಗಿಯಿತು. ಸೂಕ್ಷ್ಮದರ್ಶಕದ ಕೆಳಗೆ ಎಂಥ ಕ್ರಿಮಿ ಇದ್ದರೂ ಗುರುತು ಹಿಡಿಯುತ್ತಿದ್ದ ಮನುಷ್ಯ, ಎದುರಿಗೆ ನಿಂತವರಿಗೆ ಒಂದು ಅಡ್ಡ ಮಾತು ಹೇಳಲಾರ. ಇಂಥವರನ್ನು ಜನ ದೇವರಂಥ ಮನುಷ್ಯ ಅನ್ನುತ್ತಾರೆ. ಅನ್ನಲಿ ಬಿಡಿ, ಅನ್ನುವವರದೇನು ಹೋಗುತ್ತದೆ?

ಇಡೀ ಜೀವಮಾನದಲ್ಲಿ ಆತ ತನಗಾಗಿ ಮಾಡಿಕೊಂಡದ್ದು ಒಂದೇ ಒಂದು. ಪಡಸಾಲೆಯಲ್ಲಿ ಐದಡಿ ಉದ್ದದ ಗಾಜಿನ ತೊಟ್ಟಿ, ಅದರಲ್ಲಿ ಸಮುದ್ರದ ನೀರು, ಜೀವಂತ ಹವಳ, ಒಂದೆರಡು ಸಿಗಡಿ, ಆರು ಮೀನು. ಸಮುದ್ರವೇ ಇಲ್ಲದ ಹುಬ್ಬಳ್ಳಿಯಲ್ಲಿ ಸಮುದ್ರ! ಶುದ್ಧ ಮಾಡಿದ ನೀರಿಗೆ ಚೀಲದಲ್ಲಿ ಬರುವ ಕಡಲುಪ್ಪು ಬೆರೆಸಿ, ಉಪ್ಪಿನ ಪ್ರಮಾಣ ಅಳೆದು, ದಿನವಿಡೀ ಕಲಕಿ, ಆಮೇಲೆ ತೊಟ್ಟಿಗೆ ಬಿಡಬೇಕು. "ಅಡಿಗಿ ಉಪ್ಪು ನಡಿತದೇನ್ರಿ?" ಎಂದು ಕೇಳದ ನೆಂಟರಿಲ್ಲ. ಹೆಂಡತಿ ದಾಕ್ಷಾಯಿಣಿ ಮೊದಮೊದಲು ಹಾರಾಡಿದ್ದಳು. "ಲಿಂಗಪೂಜಿ ಮಾಡೂ ಮನ್ಯಾಗ ಮೀನೇನ್ರಿ?" "ತಿನ್ನಾಕಲ್ಲ, ನೋಡಾಕ" ಎಂದಿದ್ದ ಆತ. ವರ್ಷ ಕಳೆಯುವುದರೊಳಗೆ ಆಕೆಯೇ ಆ ಆರರಲ್ಲಿ ದೊಡ್ಡ ಹೆಣ್ಣು ಮೀನಿಗೆ ಕಾಳವ್ವ ಎಂದು ಹೆಸರಿಟ್ಟಳು. ಕಪ್ಪು ಮೈ, ಮೂರು ಬಿಳಿ ಪಟ್ಟೆ, ಗಿಡ್ಡನೆಯ ಸಿಟ್ಟಿನ ಮುಖ. ತೊಟ್ಟಿಯೊಳಗೆ ಕೈ ಹಾಕಿದರೆ ಬಂದು ಕಚ್ಚುತ್ತಿದ್ದಳು. ಬೇಡ ಅಂದರೆ ಬೇಡ ಎನ್ನುವ ಜೀವ ಆ ಮನೆಯಲ್ಲಿ ಅದೊಂದೇ. ಹನ್ನೊಂದು ವರ್ಷ ಬದುಕಿತ್ತು. ಗುರುಪಾದಪ್ಪನಿಗೆ ಅದರ ಮೇಲೆ ಪ್ರಾಣ.

ಇಷ್ಟು ವರ್ಷ ಮೀನಿಗೆ ರೋಗ ಬಾರದಂತೆ ನೋಡಿಕೊಂಡದ್ದು ಒಂದೇ ನೇಮದಿಂದ. ಹೊಸ ಮೀನು ಯಾವುದೇ ಬರಲಿ, ನಲವತ್ತು ದಿನ ಹಿಂದಿನ ಕೋಣೆಯ ಸಣ್ಣ ತೊಟ್ಟಿಯಲ್ಲಿ ಒಂಟಿಯಾಗಿ ಇರಬೇಕು. ಕೋಲು, ಬಲೆ, ಬಕೆಟ್ಟು ಎಲ್ಲ ಅದಕ್ಕೇ ಬೇರೆ. ಮೈಮೇಲೆ ಚುಕ್ಕೆ ಇಲ್ಲ, ಉಸಿರಾಟ ಸರಿಯಿದೆ, ಚೆನ್ನಾಗಿ ತಿನ್ನುತ್ತಿದೆ ಎಂದು ಖಾತ್ರಿಯಾದ ಮೇಲೆಯೇ ಪಡಸಾಲೆಗೆ. ದಾಕ್ಷಾಯಿಣಿ ಅದಕ್ಕೆ ಬಾಣಂತಿ ತೊಟ್ಟಿ ಎನ್ನುತ್ತಿದ್ದಳು. ಮನೆಗೆ ಬಂದವರು ನಗುತ್ತಿದ್ದರು. ಗುರುಪಾದಪ್ಪನೂ ನಗುತ್ತಿದ್ದ, ಆದರೆ ಒಂದು ದಿನ ಕಡಿಮೆ ಮಾಡಿದವನಲ್ಲ.

ಮಗಳು ಉಮಾಶ್ರೀ ಬಸುರಿಯಾದಳು. ತವರಿನಲ್ಲಿ ಸೀಮಂತದ ಕುಬಸ ಇಟ್ಟುಕೊಂಡರು. ಧಾರವಾಡದಿಂದ ಬೀಗರು ಬಂದರು. ಬೀಗ ದ್ಯಾಮಣ್ಣ ಹತ್ತಿ ವ್ಯಾಪಾರಿ, ದೊಡ್ಡ ದನಿ, ದೊಡ್ಡ ಮನಸ್ಸು. ಪತ್ತಲ, ರವಿಕೆಯ ಕಣ, ತೆಂಗಿನಕಾಯಿ ಎಲ್ಲ ತಟ್ಟೆಗೆ ಬಂದ ಮೇಲೆ ದ್ಯಾಮಣ್ಣ ಕೊನೆಗೆ ಒಂದು ಪ್ಲಾಸ್ಟಿಕ್ ಚೀಲ ಎತ್ತಿ ಹಿಡಿದ. ಒಳಗೆ ಹಳದಿ ಬಾಲದ ನೀಲಿ ಮೀನು. ಚೀಲಕ್ಕೆ ಕುಂಕುಮ ಬೇರೆ ಹಚ್ಚಿದ್ದರು.

"ಬೀಗರ, ಎಲ್ಲಾರಿಗೂ ಅರಿವಿ ಆತು. ಇದು ನಿಮಗ ಆಯೇರಾ. ಕತ್ರಿ ಕೊಡ್ರಿ, ಎಲ್ಲಾರ ಮುಂದ ಬಿಡೋಣು."

ಗುರುಪಾದಪ್ಪ ಮೀನನ್ನು ನೋಡಿದ. ಕಡಲ ಮೀನುಗಳಲ್ಲಿ ಬಿಳಿಚುಕ್ಕೆ ರೋಗಕ್ಕೆ ಎಲ್ಲಕ್ಕಿಂತ ಮೊದಲು ತುತ್ತಾಗುವ ಜಾತಿ ಅದು. "ಭಾಳ ಛಲೋ ಅದರಿ... ಸ್ವಲ್ಪ ದಿನ ಹಿಂದಿನ ಕೋಣ್ಯಾಗ ಇಟ್ಟು..." ಎಂದು ತೊದಲಿದ.

"ಹಿಂದಿನ ಕೋಣ್ಯಾಗ? ಬಚ್ಚಲದ ಬಾಜೂಕ?" ಬೀಗಿತಿಯ ಮುಖ ಇಳಿಯಿತು. "ನಮ್ಮ ಆಯೇರಾ ಮಂದಿಗೆ ತೋರಸಬಾರದಂಥಾದ್ದೇನ್ರಿ?"

ಹಸಿರು ಬಳೆ ತೊಟ್ಟು ಕೂತ ಉಮಾಶ್ರೀ ಅಪ್ಪನತ್ತ ನೋಡಿದಳು. ದಾಕ್ಷಾಯಿಣಿ ಕಣ್ಣಲ್ಲೇ ಗದರಿಸಿದಳು. ಒಂದು ಮಾತು, ಒಂದೇ ಒಂದು ಮಾತು ಆಡಬೇಕಿತ್ತು ಮಾರಾಯ! ಗುರುಪಾದಪ್ಪ ಒಳಗೆ ಹೋದ, ಮೊಳೆಯಲ್ಲಿ ತೂಗುತ್ತಿದ್ದ ಕತ್ತರಿ ತಂದು ಬೀಗರ ಕೈಗೆ ಕೊಟ್ಟ. ನೀಲಿ ಮೀನು ತೊಟ್ಟಿಗೆ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಒಂಬತ್ತನೆಯ ದಿನ ನೀಲಿ ಮೀನಿನ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ. ಬಂಡೆಗೆ ಮೈ ತಿಕ್ಕುತ್ತ ಓಡಾಡುತ್ತಿತ್ತು. ನಾಲ್ಕು ದಿನಕ್ಕೆ ಚುಕ್ಕೆ ಮಾಯ. "ಅರಾಮ ಆತಲ್ರಿ, ಸುಮ್ನ ಚಿಂತಿ ಮಾಡ್ತಿದ್ರಿ" ಎಂದಳು ದಾಕ್ಷಾಯಿಣಿ. ಗುರುಪಾದಪ್ಪನಿಗೆ ಅರಾಮ ಎಲ್ಲಿಯದು? ಆ ಕ್ರಿಮಿ ಮೀನಿನ ಮೈಯಿಂದ ಉದುರಿ, ಮರಳಿನಲ್ಲಿ ಕೂತು, ಒಂದು ನೂರಾಗಿ ಮತ್ತೆ ಏಳುತ್ತದೆ ಎಂಬುದು ಆತನಿಗೆ ಗೊತ್ತಿತ್ತು. ಎದ್ದಿತು. ಈ ಸಲ ಎಲ್ಲ ಮೀನುಗಳ ಮೇಲೂ ಎದ್ದಿತು. ನೀಲಿ ಮೀನು ಮೊದಲು ಸತ್ತಿತು, ಮರುದಿನ ಇನ್ನೂ ಮೂರು.

ಮೀನಿನಂಗಡಿಯ ಹಜರತಅಲಿ ಬಂದು ಗಾಜಿಗೆ ಹಣೆ ಹಚ್ಚಿ ನೋಡಿದ. ಇಬ್ಬರಿಗೂ ಹಳೆಯ ಗೆಳೆತನ.

"ಕಾಕಾ, ನಲವತ್ತು ದಿನ ಇಡ್ರಿ ಅಂತ ನನಗ ಕಲಿಸಿದವ್ರು ನೀವ. ನೀವ ಹಿಂಗ ಮಾಡಿದ್ರ?"

"ಬೀಗರು ತಂದಿದ್ರೋ ಹಜರತ್..."

"ಔಷಧ ಇದರಾಗ ಹಾಕಾಕ ಬರೂದಿಲ್ಲ. ಲಗೂ ತಗೀರಿ ಮೀನೆಲ್ಲಾ."

ಆ ರೋಗಕ್ಕೆ ತಾಮ್ರದ ಔಷಧ. ಮೀನನ್ನು ಉಳಿಸುವ ಅದೇ ತಾಮ್ರ ಸಿಗಡಿಯನ್ನೂ ಹವಳವನ್ನೂ ಕೊಲ್ಲುತ್ತದೆ. ಹಾಗಾಗಿ ಹವಳದ ತೊಟ್ಟಿಯ ಬಂಡೆಗಳನ್ನೆಲ್ಲ ಹೊರಗೆ ತೆಗೆದು, ಸಂದಿಯಲ್ಲಿ ಅಡಗಿದ್ದ ಉಳಿದ ಮೂರು ಮೀನು ಹಿಡಿದು ಬಾಣಂತಿ ತೊಟ್ಟಿಗೆ ಹಾಕಿ, ಬಂಡೆಗಳನ್ನು ಮತ್ತೆ ಜೋಡಿಸಬೇಕಾಯಿತು. ದೊಡ್ಡ ತೊಟ್ಟಿ ಎಪ್ಪತ್ತಾರು ದಿನ ಒಂದೂ ಮೀನಿಲ್ಲದೆ ಇರಬೇಕು. ಮೈ ಸಿಗದೆ ಕ್ರಿಮಿ ಸಾಯಬೇಕು. ಆತ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆಯತೊಡಗಿದ. ಹಿಡಿಯುವ ಗಡಿಬಿಡಿಯಲ್ಲಿ ಬಳಲಿದ ಒಂದು ಅಂದೇ ಹೋಯಿತು. ಕಾಳವ್ವನ ಜೊತೆಗಾರ ಗಂಡು ಮೀನು ಮೂರನೆಯ ದಿನ. ಕಾಳವ್ವ ಒಬ್ಬಳೇ ಉಳಿದಳು.

ಅವಳು ಸುಲಭಕ್ಕೆ ಸಾಯುವ ಜೀವವಲ್ಲ. ಹತ್ತು ದಿನಕ್ಕೆ ಚುಕ್ಕೆ ಹೋದವು, ಹದಿನೈದಕ್ಕೆ ತಿನ್ನಲು ಬಾಯಿ ತೆರೆದಳು, ಇಪ್ಪತ್ತಕ್ಕೆ ಆತನ ಬೆರಳು ಕಚ್ಚಿದಳು. ಗುರುಪಾದಪ್ಪ ಬೆರಳು ಹಿಡಿದುಕೊಂಡು ಅತ್ತ. ಸಣ್ಣ ತೊಟ್ಟಿಯಲ್ಲಿ ಮೀನಿನ ಹೊಲಸೇ ಅದಕ್ಕೆ ವಿಷವಾಗುತ್ತದೆ. ಆದ್ದರಿಂದ ದಿನಾ ಅರ್ಧ ನೀರು ತೆಗೆದು ಹೊಸದು ಹಾಕಿ, ಅಷ್ಟಕ್ಕೆ ಸರಿಯಾಗಿ ಔಷಧ ಅಳೆದು ಬಿಡುತ್ತಿದ್ದ. ಒಂದು ದಿನವೂ ತಪ್ಪಿಸುವಂತಿಲ್ಲ.

ಇಪ್ಪತ್ತೇಳನೆಯ ದಿನ ರಾಯಾಪುರದಲ್ಲಿ ದ್ಯಾಮಣ್ಣನ ಹೊಸ ಮನೆಯ ಪ್ರವೇಶ. ಬೆಳಿಗ್ಗೆ ಹೋಗಿ ಸಂಜೆಗೆ ಬರುವುದೆಂದು ಗಂಡ ಹೆಂಡತಿ ಹೊರಟರು. ಊಟವಾಗಿ ಏಳುವ ಹೊತ್ತಿಗೆ ದ್ಯಾಮಣ್ಣ ಹೆಗಲ ಮೇಲೆ ಕೈ ಹಾಕಿದ.

"ಹೊಸ ಮನ್ಯಾಗ ಬೀಗರು ಒಂದ್ ರಾತ್ರಿ ಮಲಗಲಿಲ್ಲಂದ್ರ ಹೆಂಗ್ರಿ? ಕುಂದರ್ರಿ."

"ಮನ್ಯಾಗ ನೀರು..."

"ಮೀನಿಗೆ ನೀರು ಕಡಿಮಿ ಅದನ್ರಿ?" ದ್ಯಾಮಣ್ಣ ನಕ್ಕ. ಎಲ್ಲರೂ ನಕ್ಕರು. ಗುರುಪಾದಪ್ಪನೂ ನಕ್ಕ. ಕೂತ.

ರಾಯಾಪುರವೇನು ಕಾಶಿಯೇ? ಬಸ್ಸು ಹತ್ತಿದರೆ ಅರ್ಧ ತಾಸಿನ ಹಾದಿ. ಮರುದಿನ ಮತ್ತೆ, "ಉಂಡು ಹೋಗ್ರಿ" ಎಂದರು, ಉಂಡ. "ಚಾ ಕುಡಿದು ಹೋಗ್ರಿ" ಎಂದರು, ಕುಡಿದ. ಪ್ರತಿ ಸಲವೂ ಚಡಪಡಿಸಿದ, ಪ್ರತಿ ಸಲವೂ ಕೂತ. ಮನೆ ಮುಟ್ಟಿದಾಗ ಸಂಜೆ ಐದು. ಚಪ್ಪಲಿ ಕಳೆಯದೆ ಹಿಂದಿನ ಕೋಣೆಗೆ ಓಡಿದ. ನೀರು ಮಬ್ಬಾಗಿತ್ತು. ಕಾಳವ್ವ ತಳದಲ್ಲಿ ಒಂದು ಮಗ್ಗುಲಾಗಿ ಬಿದ್ದಿದ್ದಳು. ಆತ ಬೆರಳನ್ನು ಅವಳ ಬಾಯಿಯ ಹತ್ತಿರ ಒಯ್ದು ಬಹಳ ಹೊತ್ತು ಹಿಡಿದ. ಅವಳು ಕಚ್ಚಲಿಲ್ಲ.

"ನಾನ ಕೊಂದೆ" ಎಂದ. ದಾಕ್ಷಾಯಿಣಿ ಸೆರಗಿನಿಂದ ಕಣ್ಣೊರೆಸಿಕೊಂಡಳೇ ಹೊರತು ಅಲ್ಲ ಎನ್ನಲಿಲ್ಲ.

ಆಮೇಲೂ ಆತ ದಿನ ಎಣಿಸುವುದನ್ನು ಬಿಡಲಿಲ್ಲ. ತೊಟ್ಟಿಗೆ ಮರಳಿ ಬರುವವರು ಯಾರೂ ಇರಲಿಲ್ಲ. ಆದರೂ ದೀಪ ಹಚ್ಚುತ್ತಿದ್ದ, ಉಪ್ಪು ಅಳೆಯುತ್ತಿದ್ದ, ಗೆರೆ ಎಳೆಯುತ್ತಿದ್ದ. ಹವಳ ಅರಳಿ ನಿಲ್ಲುತ್ತಿತ್ತು.

ಎಪ್ಪತ್ತನೆಯ ದಿನ ದ್ಯಾಮಣ್ಣ ಹೆಂಡತಿಯೊಡನೆ ಬಂದ. ಕೈಯಲ್ಲಿ ಚೀಲ, ಚೀಲದಲ್ಲಿ ಎರಡು ಮೀನು, ಚೀಲಕ್ಕೆ ಕುಂಕುಮ. ಪಾಪ, ಕೆಟ್ಟ ಮನುಷ್ಯನಲ್ಲ.

"ನಿಮ್ಮ ಮೀನು ಹೋದ್ವಂತ ಕೇಳಿ ಭಾಳ ಕೆಟ್ಟ ಅನಿಸ್ತ್ರಿ. ಜೋಡಿ ತಂದೇನಿ. ಕತ್ರಿ ಕೊಡ್ರಿ."

ಗುರುಪಾದಪ್ಪ ಒಳಗೆ ಹೋದ. ಮೊಳೆಯಿಂದ ಕತ್ತರಿ ತೆಗೆದುಕೊಂಡ. ಹೊರಗೆ ಬಂದು, ಅದನ್ನು ಬೆನ್ನ ಹಿಂದೆ ಹಿಡಿದುಕೊಂಡು ತೊಟ್ಟಿಗೆ ಅಡ್ಡ ನಿಂತ.

"ಬ್ಯಾಡ್ರಿ."

"ಏನಂದ್ರಿ?"

"ಬ್ಯಾಡ್ರಿ ಬೀಗರ. ಇನ್ನೂ ಆರು ದಿನ ಇದರಾಗ ಮೀನು ಬಿಡೂ ಹಂಗಿಲ್ಲ. ಇವನ್ನ ಬಿಡಬೇಕಂದ್ರೂ ಮೊದ್ಲು ಹಿಂದಿನ ಕೋಣ್ಯಾಗ ನಲವತ್ತು ದಿನ ಇಡಬೇಕು. ನಿಮಗ ಒಪ್ಪಿಗಿ ಇಲ್ಲಂದ್ರ ತಗೊಂಡು ಹೋಗ್ರಿ."

ಅಂತೂ ಮಾತು ಬಂದಿತ್ತು. ಬೀಗಿತಿ ಎದ್ದು ನಿಂತಳು. ದ್ಯಾಮಣ್ಣ ಚೀಲ ಎತ್ತಿಕೊಂಡ. ದಾಕ್ಷಾಯಿಣಿ ಕಾಸಿ ತಂದ ಚಹಾ ಹಾಗೆಯೇ ಉಳಿಯಿತು. ಬೀದಿಯಲ್ಲಿ ಅವರ ಗಾಡಿ ಹೊರಟ ಸದ್ದು ಕೇಳಿದ ಮೇಲೆ ಆಕೆ ತಟ್ಟೆಯನ್ನು ನೆಲಕ್ಕಿಟ್ಟಳು. ಸಿಟ್ಟಿತ್ತೋ ದುಃಖವಿತ್ತೋ ಆಕೆಗೂ ತಿಳಿಯದು.

"ಖಾಲಿ ತೊಟ್ಟಿ ಸಲುವಾಗಿ ಬೀಗರನ್ನ ಎಬ್ಬಿಸಿ ಕಳಿಸಿದ್ರಿ. ಕಾಳವ್ವ ಇದ್ದಾಗ ಈ ಬಾಯಿ ಎಲ್ಲಿ ಹೋಗಿತ್ತರಿ?"

ಗುರುಪಾದಪ್ಪ ಕತ್ತರಿಯನ್ನು ಮೊಳೆಗೆ ಸಿಕ್ಕಿಸಿ, ಕ್ಯಾಲೆಂಡರಿನಲ್ಲಿ ಎಪ್ಪತ್ತನೆಯ ಗೆರೆ ಎಳೆದ.